ಡಿಪ್ರೆಶನ್‌ಗೆ ಟಿಎಂಎಸ್, ಇಸಿಟಿ: ಮುಂಬೈ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯಲ್ಲಿ ಒಬ್ಬರಿಗೆ ಡಿಪ್ರೆಶನ್. ಮಾತ್ರೆ ಶುರುವಾಗಿ ತಿಂಗಳುಗಳಾದವು, ಹೇಳಿಕೊಳ್ಳುವಂಥ ಸುಧಾರಣೆ ಇಲ್ಲ. ಡಾಕ್ಟರು ‘ಟಿಎಂಎಸ್ ಮಾಡಿಸೋಣ’ ಅಂತಲೋ ‘ಇಸಿಟಿ ಕೊಡೋಣ’ ಅಂತಲೋ ಹೇಳಿ ಕಳಿಸಿದ್ದಾರೆ. ಮೊದಲನೆಯದು ಆಯಸ್ಕಾಂತದಿಂದ, ಎರಡನೆಯದು ಕರೆಂಟಿನಿಂದ ಮೆದುಳಿಗೆ ಕೊಡುವ ಚಿಕಿತ್ಸೆ. ಮನೆಗೆ ಬಂದ ಮೇಲೆ ಎಲ್ಲರಿಗೂ ಗಾಬರಿ. ನನ್ನ ತಮ್ಮನಿಗೆ ಎರಡೂ ಆಗಿವೆ, ಮೊದಲು ಟಿಎಂಎಸ್, ಆಮೇಲೆ ಇಸಿಟಿ. ಅವನ ಜೊತೆ ಆಸ್ಪತ್ರೆಗೆ ಓಡಾಡಿದ್ದು ನಾನೇ. ಆಮೇಲಿಂದ ಡೊಂಬಿವಲಿ, ಮುಲುಂಡ್, ಮಾಟುಂಗಾ ಕಡೆಯ ಕನ್ನಡದ ಮನೆಗಳಿಂದ ಫೋನ್ ಬರುತ್ತಲೇ ಇರುತ್ತವೆ. ಅವರು ಕೇಳುವ ಪ್ರಶ್ನೆಗಳನ್ನೇ ಇಲ್ಲಿ ಬರೆದಿದ್ದೇನೆ. ಯಾವ ಚಿಕಿತ್ಸೆ, ಯಾವ ಮಾತ್ರೆ, ಎಷ್ಟು ಡೋಸ್ ಅನ್ನುವುದನ್ನು ನಿಮ್ಮ ಡಾಕ್ಟರ ಹತ್ತಿರವೇ ಮಾತಾಡಿ.

ಇದು ಕರೆಂಟ್ ಶಾಕ್ ಕೊಡೋದೇ ಅಲ್ವಾ?

ಜನ ‘ಶಾಕ್’ ಅನ್ನುವುದು ಇಸಿಟಿಗೆ. ಮೆದುಳಿಗೆ ಕರೆಂಟಿನಿಂದಲೋ ಆಯಸ್ಕಾಂತದಿಂದಲೋ ಕೊಡುವ ಹಲವು ಚಿಕಿತ್ಸೆಗಳಲ್ಲಿ ಅದು ಒಂದು ಮಾತ್ರ. ಮೆದುಳಿನ ನರಕೋಶಗಳು ಕೆಲಸ ಮಾಡುವುದು ರಾಸಾಯನಿಕಗಳಿಂದ, ಜೊತೆಗೆ ಸಣ್ಣ ಸಣ್ಣ ವಿದ್ಯುತ್ ಸಂಕೇತಗಳಿಂದ. ಮಾತ್ರೆ ರಾಸಾಯನಿಕದ ಕಡೆಯಿಂದ ಹೋಗುತ್ತದೆ, ಈ ಚಿಕಿತ್ಸೆಗಳು ವಿದ್ಯುತ್ತಿನ ಕಡೆಯಿಂದ ಹೋಗುತ್ತವೆ. ಟಿಎಂಎಸ್‌ನಲ್ಲಿ ತಲೆಯ ಹೊರಗಿಟ್ಟ ಕಾಯಿಲ್‌ನಿಂದ ಆಯಸ್ಕಾಂತದ ಮಿಡಿತ ಕೊಡುತ್ತಾರೆ, ರೋಗಿ ಪೂರ್ತಿ ಎಚ್ಚರವಾಗಿರುತ್ತಾರೆ. ಇಸಿಟಿಯಲ್ಲಿ ಅರಿವಳಿಕೆ ಕೊಟ್ಟು, ನಿದ್ದೆಯಲ್ಲಿದ್ದಾಗ ಕೆಲವು ಸೆಕೆಂಡ್ ಕರೆಂಟ್ ಹಾಯಿಸಿ, ಹತೋಟಿಯಲ್ಲೇ ಒಂದು ಫಿಟ್ಸ್ ಬರಿಸುತ್ತಾರೆ. ಟಿಡಿಸಿಎಸ್‌ನಲ್ಲಿ ತಲೆಗೆ ಪ್ಯಾಡ್ ಇಟ್ಟು ಕೊಡುವ ತೀರಾ ಸಣ್ಣ ಕರೆಂಟ್. ವಿಎನ್‌ಎಸ್, ಡಿಬಿಎಸ್ ಎರಡಕ್ಕೂ ಮೈಯೊಳಗೆ ತಂತಿ ಕೂರಿಸುವ ಆಪರೇಷನ್ ಬೇಕು.

ಮಾತ್ರೆ ಸಾಲದಾ? ಇದು ಯಾರಿಗೆ ಬೇಕಾಗುತ್ತೆ?

ಸುಮಾರು ಜನಕ್ಕೆ ಮಾತ್ರೆ ಮತ್ತು ಕೌನ್ಸೆಲಿಂಗ್ ಸಾಕು. ಆದರೆ ಮೊದಲ ಮಾತ್ರೆಯಲ್ಲೇ ಪೂರ್ತಿ ಗುಣವಾಗುವವರು ಅಂದಾಜು ಮೂರರಲ್ಲಿ ಒಬ್ಬರು. ಉಳಿದವರಿಗೆ ಮಾತ್ರೆ ಬದಲಿಸಬೇಕು, ಇನ್ನೊಂದು ಸೇರಿಸಬೇಕು. ಎರಡು ಬೇರೆ ಬೇರೆ ಮಾತ್ರೆಗಳನ್ನು ಸರಿಯಾದ ಡೋಸ್‌ನಲ್ಲಿ, ಒಂದೊಂದನ್ನೂ ಆರರಿಂದ ಎಂಟು ವಾರ ತಗೊಂಡ ಮೇಲೂ ಆಗದಿದ್ದರೆ ಡಾಕ್ಟರು ಸಾಮಾನ್ಯವಾಗಿ ಟಿಎಂಎಸ್ ಬಗ್ಗೆ ಮಾತೆತ್ತುತ್ತಾರೆ. ಹದಿನೈದು ದಿನ ತಗೊಂಡು ಬಿಟ್ಟ ಮಾತ್ರೆ ಈ ಲೆಕ್ಕಕ್ಕೆ ಬರುವುದಿಲ್ಲ.

ಇಸಿಟಿಯ ವಿಷಯ ಬೇರೆ. ಅದಕ್ಕೆ ಅಷ್ಟು ದಿನ ಕಾಯಲು ಆಗುವುದಿಲ್ಲ. ರೋಗಿ ಊಟ ನೀರು ಬಿಟ್ಟಿದ್ದಾರೆ, ಸಾಯುವ ಯೋಚನೆ ಬಲವಾಗಿದೆ, ಇಲ್ಲದ ಧ್ವನಿ ಕೇಳಿಸುತ್ತಿದೆ, ಅಥವಾ ಮಾತೂ ಇಲ್ಲ ಚಲನೆಯೂ ಇಲ್ಲದೆ ಮರಗಟ್ಟಿದಂತೆ ಕೂತಿದ್ದಾರೆ ಅಂದರೆ ಇಸಿಟಿಯೇ ಮೊದಲ ಆಯ್ಕೆ ಆಗಬಹುದು. ‘ಕಟ್ಟಕಡೆಗೆ ಶಾಕ್’ ಅಂತ ತಳ್ಳುತ್ತಾ ಹೋದ ಮನೆಗಳನ್ನು ನೋಡಿದ್ದೇನೆ. ರೋಗಿ ಅಷ್ಟೂ ತಿಂಗಳು ನರಳುತ್ತಾರೆ. ನನಗೆ ಇದು ಸರಿ ಅನ್ನಿಸುವುದಿಲ್ಲ.

ಟಿಎಂಎಸ್ ಮೆಷಿನ್ ಮುಂದೆ ಕೂತಾಗ ಏನಾಗುತ್ತೆ?

ದಂತವೈದ್ಯರ ಹತ್ತಿರ ಇರುವಂಥ ಒರಗು ಕುರ್ಚಿ. ಕಿವಿಯೋಲೆ, ಹೇರ್‌ಪಿನ್, ಸರ, ಮೊಬೈಲ್ ಎಲ್ಲ ತೆಗೆದಿಡಬೇಕು. ಕಿವಿಗೆ ಇಯರ್‌ಪ್ಲಗ್ ಕೊಡುತ್ತಾರೆ, ಏಕೆಂದರೆ ಮೆಷಿನ್ ಟಕ್ ಟಕ್ ಅಂತ ಜೋರಾಗಿಯೇ ಸದ್ದು ಮಾಡುತ್ತದೆ. ತಲೆ ಬೋಳಿಸುವುದಿಲ್ಲ, ಸೂಜಿ ಚುಚ್ಚುವುದಿಲ್ಲ.

ಮೊದಲ ದಿನ ಸ್ವಲ್ಪ ಜಾಸ್ತಿ ಹೊತ್ತು ಬೇಕು. ಪ್ರತಿಯೊಬ್ಬರ ಮೆದುಳಿಗೆ ಬೇಕಾದ ಶಕ್ತಿ ಬೇರೆ ಬೇರೆ, ಅದನ್ನು ಅಳೆಯುತ್ತಾರೆ. ಎಂಟಿನ ಆಕಾರದ ಕಾಯಿಲನ್ನು ತಲೆಯ ಮೇಲೆ ಅಲ್ಲಿ ಇಲ್ಲಿ ಸರಿಸುತ್ತಾ ಒಂದೊಂದೇ ಮಿಡಿತ ಕೊಡುತ್ತಾರೆ. ಕೈ ಆಡಿಸುವ ಜಾಗಕ್ಕೆ ಸರಿಯಾಗಿ ಬಂದಾಗ ರೋಗಿಯ ಹೆಬ್ಬೆರಳು ತಾನಾಗಿಯೇ ಜಿಗಿಯುತ್ತದೆ. ತಮ್ಮ ಸುಮ್ನೆ ತೊಡೆಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದ, ಬಲ ಹೆಬ್ಬೆರಳು ಪಟಕ್ ಅಂತ ಎದ್ದಿತು. ಅವನು ತಿರುಗಿ ನನ್ನನ್ನೇ ನೋಡಿದ. ಆಮೇಲೆ ಶಕ್ತಿ ಇಳಿಸುತ್ತಾ ಬರುತ್ತಾರೆ. ಹತ್ತು ಸಲ ಕೊಟ್ಟರೆ ಐದು ಸಲ ಮಾತ್ರ ಬೆರಳು ಜಿಗಿಯುವ ಮಟ್ಟವೇ ಆ ರೋಗಿಯ ಅಳತೆ. ಚಿಕಿತ್ಸೆಯ ಡೋಸ್ ನಿರ್ಧಾರ ಆಗುವುದು ಅದರ ಮೇಲೆ. ಈ ಅಳತೆ ಮಾಡದೆ ‘ಎಲ್ಲರಿಗೂ ಒಂದೇ ಸೆಟ್ಟಿಂಗ್’ ಅನ್ನುವ ಕಡೆ ಮಾಡಿಸಬೇಡಿ.

ನಂತರ ಕಾಯಿಲನ್ನು ಮುಂದಕ್ಕೆ, ಸಾಮಾನ್ಯವಾಗಿ ಹಣೆಯ ಮೇಲ್ಭಾಗದ ಎಡಗಡೆಗೆ ಒಯ್ಯುತ್ತಾರೆ. ಡಿಪ್ರೆಶನ್‌ನಲ್ಲಿ ಮಂಕಾಗಿರುವ ಭಾಗಗಳಲ್ಲಿ ಅದೂ ಒಂದು. ಆಯಸ್ಕಾಂತ ಕ್ಷಣಕ್ಷಣಕ್ಕೂ ಏರಿಳಿದಾಗ ಹತ್ತಿರದ ನರಗಳಲ್ಲಿ ಸಣ್ಣ ಕರೆಂಟ್ ಹುಟ್ಟುತ್ತದೆ. 1831ರಲ್ಲಿ ಫ್ಯಾರಡೆ ಕಂಡುಹಿಡಿದ ತತ್ವವೇ ಇದು, ಶಾಲೆಯಲ್ಲಿ ನಾವೆಲ್ಲ ಓದಿದ್ದೇವೆ. ಮನುಷ್ಯರ ಮೆದುಳಿಗೆ ಅದನ್ನು ಮೊದಲು ಬಳಸಿ ತೋರಿಸಿದ್ದು 1985ರಲ್ಲಿ, ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಥನಿ ಬಾರ್ಕರ್ ಮತ್ತು ಜೊತೆಗಾರರು. ಡಿಪ್ರೆಶನ್ ಚಿಕಿತ್ಸೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿದ್ದು 2008ರಲ್ಲಿ.

ನೆತ್ತಿಯ ಮೇಲೆ ಯಾರೋ ಬೆರಳಿನಿಂದ ಕುಟ್ಟಿದಂತೆ ಅನ್ನಿಸುತ್ತದೆ. ಮೊದಲ ವಾರ ತಲೆನೋವು ಬರಬಹುದು, ಸಾಮಾನ್ಯ ನೋವಿನ ಮಾತ್ರೆಗೆ ಹೋಗುತ್ತದೆ. ಮುಗಿದ ತಕ್ಷಣ ಎದ್ದು ಕೆಲಸಕ್ಕೆ ಹೋಗಬಹುದು.

ಎಷ್ಟು ದಿನ ಹೋಗಬೇಕು? ಮುಂಬೈಯಲ್ಲಿ ದಿನಾ ಹೋಗೋದು ಸಾಧ್ಯನಾ?

ವಾರಕ್ಕೆ ಐದು ದಿನ, ನಾಲ್ಕರಿಂದ ಆರು ವಾರ, ಒಟ್ಟು 20ರಿಂದ 30 ಸೆಶನ್. ನನ್ನ ಅನುಭವದಲ್ಲಿ ಟಿಎಂಎಸ್‌ನ ನಿಜವಾದ ಕಷ್ಟ ಇದೇ, ಮೆಷಿನ್ ಅಲ್ಲ. ಡಿಪ್ರೆಶನ್ ಇರುವವರಿಗೆ ಹಾಸಿಗೆಯಿಂದ ಏಳುವುದೇ ದೊಡ್ಡ ಕೆಲಸ. ಅಂಥವರನ್ನು ಬೆಳಿಗ್ಗೆ ಡೊಂಬಿವಲಿ ಫಾಸ್ಟ್‌ಗೆ ಹತ್ತಿಸಿ ದಾದರ್‌ಗೆ ಕರಕೊಂಡು ಹೋಗುವುದು ಅಂದರೆ ಸುಮ್ನೆ ಮಾತಲ್ಲ. ಆದ್ದರಿಂದ ದೊಡ್ಡ ಹೆಸರಿನ ದೂರದ ಜಾಗಕ್ಕಿಂತ, ಸರಿಯಾಗಿ ಮಾಡುವ ಹತ್ತಿರದ ಜಾಗ ಎಷ್ಟೋ ಮೇಲು. ಮಧ್ಯಾಹ್ನ ಹನ್ನೊಂದರಿಂದ ನಾಲ್ಕರ ಒಳಗಿನ ಸಮಯ ಕೇಳಿ, ಲೋಕಲ್‌ನಲ್ಲಿ ಕೂರಲು ಜಾಗ ಸಿಗುತ್ತದೆ.

ಹಳೆಯ ಪದ್ಧತಿಯಲ್ಲಿ ಒಂದು ಸೆಶನ್ ಸುಮಾರು 37 ನಿಮಿಷ. ಈಗ ಥೀಟಾ ಬರ್ಸ್ಟ್ ಅನ್ನುವ ಪದ್ಧತಿ ಇದೆ, ಅದರಲ್ಲಿ ಮೂರು ನಿಮಿಷ ಚಿಲ್ಲರೆ. ಕೆನಡಾದಲ್ಲಿ 400ಕ್ಕೂ ಜಾಸ್ತಿ ರೋಗಿಗಳ ಮೇಲೆ ಎರಡನ್ನೂ ಹೋಲಿಸಿ ನೋಡಿದ ಅಧ್ಯಯನ 2018ರಲ್ಲಿ ಬಂತು. ಚಿಕ್ಕದು ದೊಡ್ಡದಕ್ಕಿಂತ ಕಡಿಮೆ ಏನಲ್ಲ ಅಂತ ಗೊತ್ತಾಯಿತು. ಹೋಟೆಲ್‌ನಲ್ಲೋ ಬ್ಯಾಂಕಿನಲ್ಲೋ ಕೆಲಸ ಮಾಡುವವರಿಗೆ ಇದು ದೊಡ್ಡ ಅನುಕೂಲ. ನಿಮ್ಮ ಕ್ಲಿನಿಕ್‌ನಲ್ಲಿ ಇದೆಯಾ ಅಂತ ಕೇಳಿ.

ಇನ್ನೊಂದು ಮಾತು. ಜುಲೈ, ಆಗಸ್ಟ್‌ನಲ್ಲಿ ಶುರು ಮಾಡುವುದಾದರೆ ಕುರ್ಲಾ, ಸಾಯನ್ ಹತ್ತಿರ ನೀರು ನಿಂತು ಲೋಕಲ್ ನಿಲ್ಲುವ ದಿನಗಳನ್ನೂ ಲೆಕ್ಕಕ್ಕೆ ಹಿಡಿಯಿರಿ. ಗಣೇಶ ಚೌತಿಗೆ, ಮೇ ತಿಂಗಳಿಗೆ ಊರಿಗೆ ಹೋಗುವವರು ಆ ವಾರಗಳನ್ನು ಬಿಟ್ಟು ದಿನ ಗೊತ್ತುಮಾಡಿ. ಒಂದೆರಡು ದಿನ ತಪ್ಪಿದರೆ ಪರವಾಗಿಲ್ಲ, ಮಧ್ಯದಲ್ಲಿ ಎರಡು ವಾರ ಬಿಟ್ಟರೆ ಪಟ್ಟ ಕಷ್ಟ ವ್ಯರ್ಥವಾಗಬಹುದು.

ಮಾಡಿಸಿದರೆ ಗುಣ ಆಗೇ ಆಗುತ್ತಾ?

ಗ್ಯಾರಂಟಿ ಇಲ್ಲ. ಮಾತ್ರೆಗೆ ಬಗ್ಗದ ಡಿಪ್ರೆಶನ್‌ನಲ್ಲಿ ಟಿಎಂಎಸ್ ಪೂರ್ತಿ ಮಾಡಿಸಿದವರಲ್ಲಿ ಹತ್ತಿರ ಹತ್ತಿರ ಅರ್ಧ ಜನಕ್ಕೆ ಒಳ್ಳೆಯ ಸುಧಾರಣೆ ಕಾಣುತ್ತದೆ, ಸುಮಾರು ಮೂರನೇ ಒಂದು ಭಾಗದಷ್ಟು ಜನ ಪೂರ್ತಿ ಚೇತರಿಸಿಕೊಳ್ಳುತ್ತಾರೆ. ಇಸಿಟಿಯಲ್ಲಿ 60ರಿಂದ 80 ಶೇಕಡಾ ಜನಕ್ಕೆ ಗುಣ ಕಾಣುತ್ತದೆ, ಅದೂ ಬೇಗ. ತೀವ್ರ ಡಿಪ್ರೆಶನ್‌ಗೆ ಅದಕ್ಕಿಂತ ಬಲವಾದ ಚಿಕಿತ್ಸೆ ಇವತ್ತಿಗೂ ಬಂದಿಲ್ಲ. ಟಿಎಂಎಸ್‌ನಲ್ಲಿ ಮೊದಲ ಎರಡು ವಾರ ಏನೂ ಕಾಣದೆ ಇರಬಹುದು. ಅಲ್ಲಿಗೇ ಬಿಡಬೇಡಿ. ಎಷ್ಟೋ ಸಲ ರೋಗಿಗೆ ಗೊತ್ತಾಗುವ ಮೊದಲು ಮನೆಯವರಿಗೆ ಗೊತ್ತಾಗುತ್ತದೆ: ತಾನಾಗಿ ಸ್ನಾನಕ್ಕೆ ಹೋದರು, ಟಿವಿ ನೋಡುತ್ತಾ ಏನೋ ಕೇಳಿದರು.

ಟಿಎಂಎಸ್ ಯಾರಿಗೆ ಆಗಲ್ಲ?

ತಲೆಯೊಳಗೆ ಲೋಹ ಇರುವವರಿಗೆ: ಮೆದುಳಿನ ರಕ್ತನಾಳಕ್ಕೆ ಹಾಕಿದ ಕ್ಲಿಪ್, ಕೇಳಿಸಲೆಂದು ಕಿವಿಯೊಳಗೆ ಕೂರಿಸಿದ ಕಾಕ್ಲಿಯರ್ ಇಂಪ್ಲಾಂಟ್ ಇಂಥವು. ಪೇಸ್‌ಮೇಕರ್ ಇದ್ದರೆ ಮೊದಲೇ ಹೇಳಬೇಕು. ಫಿಟ್ಸ್ ಬಂದಿದ್ದವರಿಗೆ ತುಂಬಾ ಯೋಚಿಸಿ ಕೊಡುತ್ತಾರೆ. ಟಿಎಂಎಸ್‌ನಿಂದ ಫಿಟ್ಸ್ ಬರುವುದು ಅಪರೂಪ, ಸಾವಿರ ರೋಗಿಗಳಲ್ಲಿ ಒಬ್ಬರಿಗಿಂತ ಕಡಿಮೆ. ಆದರೆ ನಿದ್ದೆಗೆಟ್ಟರೆ, ಕುಡಿದಿದ್ದರೆ ಅಪಾಯ ಹೆಚ್ಚುತ್ತದೆ. ರಾತ್ರಿ ಪಾಳಿ ಮುಗಿಸಿ ನೇರವಾಗಿ ಕ್ಲಿನಿಕ್‌ಗೆ ಬರುವವರು ಇದನ್ನು ಮುಚ್ಚಿಡಬಾರದು. ಚಿಕಿತ್ಸೆಯ ವಾರಗಳಲ್ಲಿ ಹಗಲು ಪಾಳಿ ಕೇಳಿ ಪಡೆಯಿರಿ.

ಇಸಿಟಿ ದಿನ ನಿಜವಾಗಿ ಏನು ನಡೆಯುತ್ತೆ? ಸಿನಿಮಾದಲ್ಲಿ ತೋರಿಸ್ತಾರಲ್ಲ...

ಸಿನಿಮಾದಲ್ಲಿ ಕಟ್ಟಿಹಾಕುತ್ತಾರೆ, ರೋಗಿ ಕಿರುಚುತ್ತಾನೆ. ಅದನ್ನು ನೋಡಿಯೇ ನಮ್ಮ ಅಮ್ಮ ಮೂರು ದಿನ ಊಟ ಬಿಟ್ಟಿದ್ದರು. 1938ರಲ್ಲಿ ರೋಮ್‌ನಲ್ಲಿ ಚೆರ್ಲೆಟ್ಟಿ ಮತ್ತು ಬಿನಿ ಇದನ್ನು ಶುರು ಮಾಡಿದಾಗ ಅರಿವಳಿಕೆ ಇರಲಿಲ್ಲ, ಮೂಳೆ ಮುರಿದದ್ದೂ ಇದೆ. ಭಯಕ್ಕೆ ಕಾರಣ ಸುಳ್ಳಲ್ಲ, ಹಳೆಯದು.

ಈಗಿನದು ಹೀಗೆ. ಹಿಂದಿನ ರಾತ್ರಿಯಿಂದ ಖಾಲಿ ಹೊಟ್ಟೆ. ಬೆಳಿಗ್ಗೆ ಕೈಗೆ ಸೂಜಿ ಹಾಕುತ್ತಾರೆ, ಬಿಪಿ, ಹೃದಯ, ಆಕ್ಸಿಜನ್ ನೋಡುವ ಮಾನಿಟರ್ ಹಚ್ಚುತ್ತಾರೆ. ಅನಸ್ತೇಶಿಯಾ ಡಾಕ್ಟರು ನಿದ್ದೆಯ ಇಂಜೆಕ್ಷನ್ ಕೊಡುತ್ತಾರೆ, ಆಮೇಲೆ ಸ್ನಾಯು ಸಡಿಲಿಸುವ ಇಂಜೆಕ್ಷನ್. ಹಲ್ಲು, ನಾಲಗೆಗೆ ಪೆಟ್ಟಾಗದಂತೆ ಬಾಯಿಗೆ ರಬ್ಬರ್ ಪ್ಯಾಡ್. ಕೆಲವು ಕಡೆ ಒಂದು ಕಾಲಿಗೆ ಬಿಪಿ ಪಟ್ಟಿ ಬಿಗಿದಿರುತ್ತಾರೆ. ಸಡಿಲಿಸುವ ಔಷಧಿ ಆ ಪಾದಕ್ಕೆ ಹೋಗದಿರಲಿ ಅಂತ. ಕರೆಂಟ್ ಕೊಟ್ಟ ಮೇಲೆ ಇಡೀ ಮೈ ಅಲುಗಾಡದೆ ಮಲಗಿರುತ್ತದೆ, ಆ ಒಂದು ಪಾದ ಮಾತ್ರ ಸಣ್ಣಗೆ ಅದುರುತ್ತದೆ. ಫಿಟ್ಸ್ ಎಷ್ಟು ಹೊತ್ತು ಬಂತು ಅಂತ ಡಾಕ್ಟರು ಅದನ್ನೂ ಮೆದುಳಿನ ವಿದ್ಯುತ್ತನ್ನು ತೋರಿಸುವ ಇಇಜಿಯನ್ನೂ ನೋಡಿ ಅಳೆಯುತ್ತಾರೆ. ಸಾಮಾನ್ಯವಾಗಿ ಒಂದು ನಿಮಿಷದೊಳಗೆ ಮುಗಿಯುತ್ತದೆ. ಹತ್ತು ಹದಿನೈದು ನಿಮಿಷದಲ್ಲಿ ಎಚ್ಚರವಾಗುತ್ತದೆ. ತಮ್ಮ ಪ್ರತಿ ಸಲವೂ ಎದ್ದು ಮೊದಲು ಕೇಳುತ್ತಿದ್ದದ್ದು ‘ಆಯ್ತಾ?’ ಅಂತ, ಎರಡನೆಯದು ‘ಚಹಾ ಸಿಗುತ್ತಾ?’ ಅಂತ. ತಿಂಗಳಾನುಗಟ್ಟಲೆ ಏನನ್ನೂ ಬೇಕು ಅನ್ನದಿದ್ದವನು ಚಹಾ ಕೇಳಿದ್ದು ನನಗೆ ಸಾಕಾಗಿತ್ತು.

ವಾರಕ್ಕೆ ಎರಡು ಅಥವಾ ಮೂರು ಸಲ, ಒಟ್ಟು 6ರಿಂದ 12. ಆ ದಿನ ತಲೆನೋವು, ದವಡೆ ನೋವು, ವಾಕರಿಕೆ, ಸ್ವಲ್ಪ ಗಲಿಬಿಲಿ ಇರಬಹುದು. ಸ್ಕೂಟರ್ ಓಡಿಸಬಾರದು, ಒಬ್ಬರನ್ನೇ ಲೋಕಲ್‌ನಲ್ಲಿ ಕಳಿಸಬಾರದು. ರಿಕ್ಷಾದಲ್ಲೋ ಟ್ಯಾಕ್ಸಿಯಲ್ಲೋ ಜೊತೆಗೊಬ್ಬರು ಇದ್ದು ಕರಕೊಂಡು ಬನ್ನಿ.

ನೆನಪು ಹೋಗುತ್ತಾ?

ಸ್ವಲ್ಪ ಹೋಗುತ್ತದೆ. ‘ಏನೂ ಆಗಲ್ಲ’ ಅಂತ ಹೇಳಿ ಒಪ್ಪಿಸುವುದು ತಪ್ಪು. ಚಿಕಿತ್ಸೆ ನಡೆಯುವ ವಾರಗಳಲ್ಲಿ ಹೊಸದು ನೆನಪಿಡಲು ಕಷ್ಟವಾಗುತ್ತದೆ. ಅದು ಮುಗಿದ ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ಆದರೆ ಚಿಕಿತ್ಸೆಯ ಹಿಂದಿನ ವಾರ, ತಿಂಗಳುಗಳ ಕೆಲವು ಘಟನೆಗಳು ಅಳಿಸಿಹೋಗಬಹುದು, ಕೆಲವರಿಗೆ ಇನ್ನೂ ಹಿಂದಿನವೂ. ಅವುಗಳಲ್ಲಿ ಕೆಲವು ಮರಳಿ ಬರುವುದಿಲ್ಲ. ತಮ್ಮನಿಗೆ ಚಿಕ್ಕಪ್ಪನ ಮನೆಯ ಗೃಹಪ್ರವೇಶ ನೆನಪಿಲ್ಲ. ಫೋಟೋದಲ್ಲಿ ಅವನೇ ಎಲೆ ಹಾಕುತ್ತಿದ್ದಾನೆ, ನೋಡಿದರೂ ನೆನಪಾಗುವುದಿಲ್ಲ. ಅವನಿಗೆ ಅದರ ಬೇಸರ ಇದೆ. ಹೆಸರು, ಊರು, ಕಲಿತ ಕೆಲಸ, ಮನೆಯವರು ಎಲ್ಲ ಹಾಗೇ ಇವೆ.

ಇದನ್ನು ಕಡಿಮೆ ಮಾಡುವ ದಾರಿಗಳಿವೆ. ಎರಡೂ ಕಡೆ ಬದಲು ತಲೆಯ ಬಲಗಡೆ ಮಾತ್ರ ಕೊಡುವುದು, ತೀರಾ ಚಿಕ್ಕ ಮಿಡಿತದ ಕರೆಂಟ್ ಬಳಸುವುದು, ವಾರಕ್ಕೆ ಮೂರರ ಬದಲು ಎರಡು ಸಲ ಮಾಡುವುದು. ಇವುಗಳ ಬಗ್ಗೆ ಡಾಕ್ಟರನ್ನು ಕೇಳುವ ಹಕ್ಕು ನಿಮಗಿದೆ. ಮನೆಯಲ್ಲಿ ಒಂದು ನೋಟ್‌ಬುಕ್ ಇಡಿ: ಬ್ಯಾಂಕ್ ಪಾಸ್‌ವರ್ಡ್, ಕೊಡಬೇಕಾದ ಹಣ, ಮುಖ್ಯ ತಾರೀಖುಗಳು. ಶುರುವಾಗುವ ಮೊದಲೇ ಬರೆಸಿ. ತೀವ್ರ ಡಿಪ್ರೆಶನ್ ಕೂಡ ನೆನಪನ್ನು ಕೆಡಿಸುತ್ತದೆ ಅನ್ನುವುದನ್ನೂ ತೂಕಕ್ಕೆ ಹಾಕಿ.

ರೋಗಿ ಒಪ್ಪದಿದ್ದರೂ ಕೊಟ್ಟುಬಿಡ್ತಾರಾ?

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಇದರಲ್ಲಿ ಬಿಗಿಯಾಗಿದೆ. ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧಿ ಇಲ್ಲದೆ ಇಸಿಟಿ ಕೊಡುವಂತಿಲ್ಲ. ತುರ್ತು ಚಿಕಿತ್ಸೆಯ ಹೆಸರಿನಲ್ಲಿ ಇಸಿಟಿ ಕೊಡುವಂತಿಲ್ಲ. ಏನು, ಏಕೆ, ಅಡ್ಡಪರಿಣಾಮ ಏನು ಅಂತ ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳಿ ಒಪ್ಪಿಗೆ ಪಡೆಯಬೇಕು. ಕಾಯಿಲೆ ತೀರಾ ಹೆಚ್ಚಾಗಿ ನಿರ್ಧಾರ ಮಾಡಲು ಆಗದ ಸ್ಥಿತಿಯಿದ್ದರೆ, ರೋಗಿ ಮೊದಲೇ ಗೊತ್ತುಮಾಡಿದ ಪ್ರತಿನಿಧಿ ನೆರವಾಗುತ್ತಾರೆ. ಚೆನ್ನಾಗಿರುವಾಗಲೇ ‘ನನಗೆ ಇಂಥ ಚಿಕಿತ್ಸೆ ಬೇಕು, ಇಂಥದ್ದು ಬೇಡ’ ಅಂತ ಬರೆದಿಡಲೂ ಅವಕಾಶವಿದೆ.

ಮುಂಬೈಯಲ್ಲಿ ಒಪ್ಪಿಗೆ ಪತ್ರ ಮರಾಠಿ, ಹಿಂದಿ, ಇಂಗ್ಲಿಷ್‌ನಲ್ಲಿ ಇರುತ್ತದೆ. ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ, ಕುಂದಾಪುರದ ಅಜ್ಜಿಯ ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದು ಒಪ್ಪಿಗೆ ಆಗುವುದಿಲ್ಲ. ಕನ್ನಡ ಬಲ್ಲ ಒಬ್ಬರು ಕೂತು ಸಾಲು ಸಾಲಾಗಿ ಓದಿ ಹೇಳಬೇಕು. ಆ ಹೊತ್ತು ಕೇಳಿ ಪಡೆಯಿರಿ. ಈ ನಗರದ ಆಸ್ಪತ್ರೆಗಳಲ್ಲಿ ಕನ್ನಡದ ನರ್ಸ್, ಡಾಕ್ಟರು ಬೇಕಾದಷ್ಟು ಜನ ಇದ್ದಾರೆ, ವಿಚಾರಿಸಿದರೆ ಒಬ್ಬರು ಸಿಕ್ಕೇ ಸಿಗುತ್ತಾರೆ.

ಮಕ್ಕಳಿಗೆ, ಗರ್ಭಿಣಿಯರಿಗೆ, ವಯಸ್ಸಾದವರಿಗೆ?

18 ವರ್ಷದೊಳಗಿನವರಿಗೆ ಇಸಿಟಿ ಕಾನೂನಿನಲ್ಲಿ ನಿಷೇಧ. ತೀರಾ ಅಗತ್ಯ ಬಿದ್ದರೆ ಪೋಷಕರ ಒಪ್ಪಿಗೆ ಜೊತೆಗೆ ಮಾನಸಿಕ ಆರೋಗ್ಯ ಮಂಡಳಿಯ ಮುಂಗಡ ಅನುಮತಿ ಬೇಕು. ಗರ್ಭಿಣಿಯರಿಗೆ ಪ್ರಸೂತಿ ಡಾಕ್ಟರ ಜೊತೆಗೂಡಿ ಇಸಿಟಿ ಕೊಡುವುದುಂಟು. ವಯಸ್ಸಾದವರಿಗೆ ಇಸಿಟಿ ಚೆನ್ನಾಗಿ ಹಿಡಿಯುತ್ತದೆ, ಹೃದಯದ ತಪಾಸಣೆ ಮೊದಲು ಆಗಬೇಕು ಅಷ್ಟೇ.

ಒಸಿಡಿ, ಬೈಪೋಲಾರ್‌ಗೂ ಆಗುತ್ತಾ?

ಒಸಿಡಿ ಅಂದರೆ ಗೀಳಿನ ಕಾಯಿಲೆ. ಅದಕ್ಕೆ ಆಳಕ್ಕೆ ತಲುಪುವ ಬೇರೆ ಕಾಯಿಲ್‌ನ ಟಿಎಂಎಸ್‌ಗೆ ಎಫ್‌ಡಿಎ 2018ರಲ್ಲಿ ಒಪ್ಪಿಗೆ ಕೊಟ್ಟಿದೆ. ಅದರಲ್ಲಿ ಸೆಶನ್‌ಗೆ ಮುಂಚೆ ರೋಗಿಯ ಗೀಳನ್ನು ಬೇಕೆಂದೇ ಸ್ವಲ್ಪ ಕೆದಕುತ್ತಾರೆ, ಕೈ ಕೊಳೆಯಾಯಿತು ಅನ್ನುವ ಭಯ ಇರುವವರಿಗೆ ಅಂಥ ವಸ್ತು ಮುಟ್ಟಿಸುವ ಹಾಗೆ. ಬೈಪೋಲಾರ್‌ನ ಡಿಪ್ರೆಶನ್, ಉನ್ಮಾದ (ಮನಸ್ಸು ಒಮ್ಮೆ ಕುಗ್ಗುತ್ತದೆ, ಒಮ್ಮೆ ಉಬ್ಬುತ್ತದೆ) ಎರಡಕ್ಕೂ ಇಸಿಟಿ ಕೆಲಸ ಮಾಡುತ್ತದೆ. ಬೈಪೋಲಾರ್ ಇದ್ದವರು ಟಿಎಂಎಸ್ ಮಾಡಿಸುವಾಗ ದಿಢೀರನೆ ನಿದ್ದೆ ಕಡಿಮೆಯಾಗಿ ಮಾತು, ಖರ್ಚು ಜಾಸ್ತಿಯಾದರೆ ಕೂಡಲೇ ತಿಳಿಸಬೇಕು.

ಆನ್‌ಲೈನ್‌ನಲ್ಲಿ ತಲೆಗೆ ಹಾಕೋ ಮೆಷಿನ್ ಸಿಗುತ್ತೆ. ತರಿಸಿಕೊಳ್ಳಲಾ?

ಅದು ಟಿಡಿಸಿಎಸ್. ಒಂದರಿಂದ ಎರಡು ಮಿಲಿಆಂಪ್ ಕರೆಂಟ್, 20-30 ನಿಮಿಷ. ಡಿಪ್ರೆಶನ್‌ಗೆ ಉಪಯೋಗ ಇದೆ ಅಂತ ಕೆಲವು ಅಧ್ಯಯನಗಳು ಹೇಳುತ್ತವೆ, ಇಲ್ಲ ಅಂತ ಕೆಲವು. ಪ್ಯಾಡ್ ಒಣಗಿದ್ದರೆ ಚರ್ಮ ಸುಡುತ್ತದೆ, ಎಡ ಬಲ ತಪ್ಪಾದರೆ ಪರಿಣಾಮವೇ ಬೇರೆ. ಡಾಕ್ಟರು ಹೇಳದೆ ತರಿಸಬೇಡಿ.

ವಿಎನ್‌ಎಸ್, ಡಿಬಿಎಸ್ ಅಂದರೆ?

ವಿಎನ್‌ಎಸ್‌ನಲ್ಲಿ ಕತ್ತಿನ ನರಕ್ಕೆ ತಂತಿ, ಎದೆಯ ಚರ್ಮದಡಿ ಬ್ಯಾಟರಿ. ಡಿಬಿಎಸ್‌ನಲ್ಲಿ ಮೆದುಳಿನ ಒಳಕ್ಕೇ ತಂತಿ. ಮುಂಬೈಯ ಜಸ್ಲೋಕ್‌ನಂಥ ಆಸ್ಪತ್ರೆಗಳಲ್ಲಿ ಡಿಬಿಎಸ್ ವರ್ಷಗಳಿಂದ ನಡೆಯುತ್ತಿದೆ, ಹೆಚ್ಚಾಗಿ ಪಾರ್ಕಿನ್ಸನ್ ಕಾಯಿಲೆಗೆ. ಡಿಪ್ರೆಶನ್‌ಗೆ ಇವು ತೀರಾ ಅಪರೂಪ.

ಮುಂಬೈಯಲ್ಲಿ ಎಲ್ಲಿಗೆ ಹೋಗಬೇಕು? ಖರ್ಚು?

ಪರೇಲ್‌ನ ಕೆಇಎಂ, ಸಾಯನ್, ಮುಂಬೈ ಸೆಂಟ್ರಲ್‌ನ ನಾಯರ್ ಮತ್ತು ಬೈಕುಲಾದ ಜೆಜೆ, ಈ ನಾಲ್ಕರಲ್ಲೂ ಮನೋರೋಗ ವಿಭಾಗವಿದೆ. ಅಲ್ಲಿನ ಒಪಿಡಿಯಿಂದ ಶುರು ಮಾಡಿದರೆ ಖರ್ಚು ತುಂಬಾ ಕಡಿಮೆ. ಸಾಲು ಉದ್ದ, ಬೆಳಿಗ್ಗೆ ಬೇಗ ಹೋಗಿ. ಖಾಸಗಿ ಕಡೆ ಟಿಎಂಎಸ್ ದರ ಜಾಗದಿಂದ ಜಾಗಕ್ಕೆ ಬದಲಾಗುತ್ತದೆ. ಒಂದು ಸೆಶನ್‌ಗೆ ಎಷ್ಟು ಅನ್ನುವುದಕ್ಕಿಂತ ಪೂರ್ತಿ ಕೋರ್ಸಿಗೆ ಎಷ್ಟು, ಮಧ್ಯದಲ್ಲಿ ನಿಲ್ಲಿಸಿದರೆ ಹಣ ವಾಪಸ್ಸಾ ಅಂತ ಬರಹದಲ್ಲಿ ಕೇಳಿ.

ದೇಹದ ಕಾಯಿಲೆಗೆ ಇರುವಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕು ಅಂತ 2017ರ ಕಾಯ್ದೆಯೇ ಹೇಳುತ್ತದೆ. ತೊಡಕು ಬೇರೆ ಕಡೆ ಇದೆ. ಟಿಎಂಎಸ್‌ಗೆ ಅಡ್ಮಿಟ್ ಆಗುವುದಿಲ್ಲ, ಎಷ್ಟೋ ಪಾಲಿಸಿಗಳು ಒಪಿಡಿ ಖರ್ಚು ಕೊಡುವುದಿಲ್ಲ. ಶುರುವಾಗುವ ಮೊದಲೇ ವಿಮೆಯವರಿಂದ ಉತ್ತರ ತರಿಸಿಕೊಳ್ಳಿ.

ಊರ ಕಡೆ ನೆಂಟರಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಸಿಟಿ, ಟಿಎಂಎಸ್, ಟಿಡಿಸಿಎಸ್ ಮೂರೂ ಇವೆ. ಮಾತೆಲ್ಲ ಕನ್ನಡದಲ್ಲೇ ನಡೆಯುತ್ತದೆ. ಆದರೆ ಒಂದೂವರೆ ತಿಂಗಳು ಅಲ್ಲಿ ಉಳಿಯಲು ರೋಗಿಯ ಜೊತೆ ಒಬ್ಬರು ಬೇಕು, ಅದನ್ನು ಮೊದಲು ಗೊತ್ತುಮಾಡಿಕೊಳ್ಳಿ.

ಸಾಯ್ತೀನಿ ಅಂತಿದ್ದಾರೆ. ಅಪಾಯಿಂಟ್‌ಮೆಂಟ್ ಮುಂದಿನ ವಾರ ಇದೆ. ಏನು ಮಾಡಲಿ?

ಮುಂದಿನ ವಾರಕ್ಕೆ ಕಾಯಬೇಡಿ. ಇವತ್ತೇ ಯಾವುದಾದರೂ ದೊಡ್ಡ ಆಸ್ಪತ್ರೆಯ ಕ್ಯಾಶುವಲ್ಟಿಗೆ ಕರಕೊಂಡು ಹೋಗಿ. ಒಬ್ಬರನ್ನೇ ಬಿಡಬೇಡಿ. ಮಾತ್ರೆಗಳ ಡಬ್ಬಿ ನಿಮ್ಮ ಹತ್ತಿರ ಇರಲಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, ಹಗಲು ರಾತ್ರಿ ಇರುತ್ತದೆ, ಹಣ ಕೊಡಬೇಕಿಲ್ಲ, ಭಾಷೆಗಳಲ್ಲಿ ಕನ್ನಡವೂ ಇದೆ. ‘ಪೊಲೀಸ್ ಕೇಸ್ ಆಗುತ್ತೆ’ ಅಂತ ಹೆದರಿ ಮುಚ್ಚಿಡುವವರಿದ್ದಾರೆ. ಪ್ರಯತ್ನ ಮಾಡಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಕಾನೂನು ಭಾವಿಸುತ್ತದೆ, ಅವರಿಗೆ ಆರೈಕೆ ಕೊಡುವುದು ಸರ್ಕಾರದ ಹೊಣೆ.

ಗುಣ ಆದ ಮೇಲೆ ಮಾತ್ರೆ ಬಿಡಬಹುದಾ?

ಇಲ್ಲ. ಇಸಿಟಿ ಆಗಿ ಚೆನ್ನಾದವರು ಆಮೇಲೆ ಯಾವ ಚಿಕಿತ್ಸೆಯನ್ನೂ ಮುಂದುವರಿಸದಿದ್ದರೆ ಹೆಚ್ಚಿನವರಿಗೆ ಆರು ತಿಂಗಳೊಳಗೆ ಮರುಕಳಿಸುತ್ತದೆ. ಕೆಲವರಿಗೆ ಮಾತ್ರೆ, ಕೆಲವರಿಗೆ ತಿಂಗಳಿಗೊಮ್ಮೆ ಇಸಿಟಿ ಅಥವಾ ಟಿಎಂಎಸ್ ಬೇಕಾಗುತ್ತದೆ. ‘ಈಗ ಚೆನ್ನಾಗಿದ್ದಾನಲ್ಲ, ಇನ್ನೂ ಯಾಕೆ ಗುಳಿಗೆ’ ಅನ್ನುವ ನೆಂಟರ ಮಾತಿಗೆ ಕಿವಿಗೊಡಬೇಡಿ. ನಿದ್ದೆ ಕೆಡುವುದು, ಊಟ ಕಡಿಮೆಯಾಗುವುದು, ಫೋನ್ ಎತ್ತದಿರುವುದು, ಇವು ಕಂಡರೆ ಡಾಕ್ಟರಿಗೆ ಹೇಳಿ.

ಮೊದಲ ಭೇಟಿಗೆ ಏನು ತಗೊಂಡು ಹೋಗಬೇಕು?

ಇದುವರೆಗೆ ತಗೊಂಡ ಎಲ್ಲ ಮಾತ್ರೆಗಳ ಹೆಸರು, ಡೋಸ್, ಎಷ್ಟು ವಾರ ತಗೊಂಡರು, ಏಕೆ ನಿಲ್ಲಿಸಿದರು. ಹಳೆಯ ಚೀಟಿಗಳು ಸಿಗದಿದ್ದರೆ ಔಷಧಿ ಅಂಗಡಿಯ ಬಿಲ್ಲುಗಳಾದರೂ ಸರಿ. ಫಿಟ್ಸ್, ತಲೆಗೆ ಪೆಟ್ಟು, ಆಪರೇಷನ್, ಮೈಯಲ್ಲಿರುವ ಲೋಹ, ಕುಡಿತ, ಯಾವುದನ್ನೂ ಮುಚ್ಚಿಡದೆ ಬರೆದುಕೊಳ್ಳಿ. ಮನೆಯಲ್ಲಿ ಬೇರೆ ಯಾರಿಗಾದರೂ ಇಂಥ ಕಾಯಿಲೆ ಇತ್ತಾ, ಅವರಿಗೆ ಯಾವುದು ಹಿಡಿಯಿತು ಅನ್ನುವುದೂ ಉಪಯೋಗಕ್ಕೆ ಬರುತ್ತದೆ. ಟಿಎಂಎಸ್ ಕ್ಲಿನಿಕ್‌ನಲ್ಲಿ ಮೂರು ಪ್ರಶ್ನೆ ತಪ್ಪದೆ ಕೇಳಿ: ಶಕ್ತಿಯ ಅಳತೆ ಯಾರು ಮಾಡುತ್ತಾರೆ, ಸೆಶನ್ ಹೊತ್ತಿಗೆ ಡಾಕ್ಟರು ಕಟ್ಟಡದಲ್ಲೇ ಇರುತ್ತಾರಾ, ಫಿಟ್ಸ್ ಬಂದರೆ ಏನು ವ್ಯವಸ್ಥೆ ಇದೆ. ನೇರ ಉತ್ತರ ಸಿಗದಿದ್ದರೆ ಬೇರೆ ಕಡೆ ನೋಡಿ.